ಇಪ್ಪತ್ತನೆಯ ಹಾಳೆಯ ಕೊನೆಯ ಸಾಲು

"ನಾನು ಹೋದ್ಮೇಲೆ ಯಾರಾದ್ರೂ ನನ್ನ ಬಗ್ಗೆ ಬರೆದ್ರೆ ಹೆಸರು ಹಾಕೋದು ಬೇಡ ಮೇಡಂ, ನಂಬರು ಹಾಕ್ಲಿ" ಎಂದು ಅವರು ಒಮ್ಮೆ ನಗುತ್ತ ಹೇಳಿದ್ದರು. ಬರೆಯುವುದಕ್ಕೆ ನನ್ನನ್ನು ಬಿಟ್ಟು ಇನ್ಯಾರೂ ಉಳಿದಿಲ್ಲ. ಆದ್ದರಿಂದ ಹೆಸರು ಹಾಕುವುದಿಲ್ಲ. ನಂಬರು ಇದು: ೭೯,೧೮,೨೮,೭೨೯. ಬಾಯಲ್ಲಿ ಹೇಳುವುದಾದರೆ ಎಪ್ಪತ್ತೊಂಬತ್ತು ಕೋಟಿ ಹದಿನೆಂಟು ಲಕ್ಷದ ಇಪ್ಪತ್ತೆಂಟು ಸಾವಿರದ ಏಳುನೂರ ಇಪ್ಪತ್ತೊಂಬತ್ತು. ಇದು ಯಾರ ಫೋನಿನದೂ ಅಲ್ಲ, ಯಾವ ಪಾಸ್‌ಬುಕ್ಕಿನದೂ ಅಲ್ಲ, ಯಾವ ಕಚೇರಿಯ ಕಡತದ್ದೂ ಅಲ್ಲ. ಇದು ಎಂಥ ಸಂಖ್ಯೆ ಎಂದು ತಿಳಿಯುವುದರಲ್ಲೇ ಆ ಮನುಷ್ಯ ಹತ್ತು ವರ್ಷ ಕಳೆದರು. ಕೊನೆಕೊನೆಗೆ ಅದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅವರು ಗಣಿತದ ಮೇಷ್ಟ್ರು, ನಾನು ಲೈಬ್ರರಿಯನ್. ಪರಿಚಯ ಆದದ್ದೇ ಜಗಳದಲ್ಲಿ. ಲೈಬ್ರರಿಯ ಪುಸ್ತಕವೊಂದರಲ್ಲಿ ಲೆಕ್ಕದ ಉತ್ತರ ತಪ್ಪಾಗಿ ಅಚ್ಚಾಗಿತ್ತಂತೆ. ಇವರು ಪೆನ್ಸಿಲಿನಲ್ಲಿ ತಿದ್ದಿ ವಾಪಸು ತಂದಿದ್ದರು. ನಾನು ರಬ್ಬರು ತೆಗೆದು ಮೇಜಿನ ಮೇಲಿಟ್ಟು "ಅಳಿಸಿ ಸಾರ್" ಎಂದೆ.

"ತಪ್ಪು ಉತ್ತರ ಹಂಗೇ ಇರ್ಲಿ ಅಂತೀರಾ?"

"ಪುಸ್ತಕದ ತಪ್ಪು ಪುಸ್ತಕದ್ದು. ಅದರ ಮೇಲೆ ನಿಮ್ಮ ಕೈ ಬೇಡ."

ಅವರು ಕುರ್ಚಿ ಎಳೆದುಕೊಂಡು ಕೂತು, ಒಂದೊಂದಾಗಿ ಅಳಿಸಿದರು. ಪುಡಿಯನ್ನು ಅಂಗೈಗೆ ಒರೆಸಿಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದರು. ನನಗಾಗ ಅಷ್ಟು ಸೊಕ್ಕು. ಕಾಲೇಜಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರು ಹಾಕಿ ಬರೆಯುವ ದೊಡ್ಡ ರಿಜಿಸ್ಟರು ನನ್ನ ಕೈಬರಹದ್ದು. ಅದರಲ್ಲಿ ಒಂದು ಅಕ್ಷರ ಹೊಡೆದುಹಾಕಿದ್ದು ತೋರಿಸಿ ಎಂದು ಯಾರಿಗೆ ಬೇಕಾದರೂ ಸವಾಲು ಹಾಕುತ್ತಿದ್ದೆ. ಆ ಕೈಬರಹವೇ ಅವರ ಪಾಲಿಗೆ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಆಳು ಸಣ್ಣ. ಹಣೆಯ ಮೇಲೆ ವಿಭೂತಿ, ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಮಠದ ಹಾಸ್ಟೆಲಿನಲ್ಲಿದ್ದು ಓದಿದವರು. ಯಾವ ಸಂಖ್ಯೆ ಕಣ್ಣಿಗೆ ಬಿದ್ದರೂ ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡುತ್ತಿತ್ತು. ಬಸ್ಸಿನ ನಂಬರು, ಹಾಜರಿ ನಂಬರು, ಪುಸ್ತಕದ ಬೆನ್ನಿನ ಮೇಲೆ ನಾನು ಬರೆದ ನಂಬರು, ಯಾವುದಾದರೂ ಸರಿ, ಅದರ ಕುಲಗೋತ್ರ ತಿಳಿಯದೆ ಮುಂದೆ ಹೋಗುವವರಲ್ಲ. ಫಿಸಿಕ್ಸ್ ಮೇಷ್ಟ್ರೊಬ್ಬರು ಹೊಸ ಸ್ಕೂಟರು ತಂದ ದಿನ ಇವರು ನಂಬರ್ ಪ್ಲೇಟು ನೋಡಿ "ಮೂರರಿಂದ ಹೋಗುತ್ತೆ, ಪಾಪ" ಎಂದುಬಿಟ್ಟಿದ್ದರು. ಅವರು ಒಂದು ವಾರ ಇವರ ಹತ್ತಿರ ಮಾತು ಬಿಟ್ಟರು. ಕ್ಲಾಸಿನಲ್ಲಿ ಮೊದಲ ದಿನವೇ ಇವರು ಹೇಳುತ್ತಿದ್ದುದು: "ನಂಬರಿಗೆ ಕುಲ ಕೇಳ್ಬಹುದು ಕಣ್ರಯ್ಯ. ಮನುಷ್ಯರಿಗೆ ಕೇಳ್ಬಾರ್ದು."

ಒಂದು ದಿನ ಸ್ಟಾಫ್ ರೂಮಿನಲ್ಲಿ ಚೀಟಿಯ ಮೇಲೆ ಬರೆದು ನನಗೆ ತೋರಿಸಿದರು. "ಆರನ್ನ ನೋಡಿ ಮೇಡಂ. ಅದೊಂದನ್ನ ಬಿಟ್ರೆ ಅದನ್ನ ಭಾಗಿಸೋವು ಒಂದು, ಎರಡು, ಮೂರು. ಕೂಡಿದ್ರೆ ಆರೇ. ಅದು ಪರಿಪೂರ್ಣ ಸಂಖ್ಯೆ. ಎಂಟನ್ನ ನೋಡಿ. ಒಂದು, ಎರಡು, ನಾಲ್ಕು. ಕೂಡಿದ್ರೆ ಏಳು. ಒಂದು ಕಮ್ಮಿ ಬಂತು. ಅದು ಕೊರತೆ ಸಂಖ್ಯೆ. ನಾವೆಲ್ಲ ಎಂಟರ ಥರದವರು."

"ಪ್ರಿನ್ಸಿಪಾಲರು?"

"ಅವರೂ ಅಷ್ಟೇ. ಆದ್ರೆ ಅವರಿಗೆ ಹೇಳಕ್ಕಾಗಲ್ಲ."

ಅವರ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಕಿವಿಗೆ ಬಿದ್ದ ನಂಬರು ಅವರಿಗೆ ಮರೆಯುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಸಂಜೆ ಕಾಫಿ ಕುಡಿಯುವಾಗ ಆಕೆ ಆ ದಿನ ಕೇಳಿದ ಒಂದು ನಂಬರನ್ನು ಹೇಳುವುದು, ಇವರು ಅದನ್ನು ಒಡೆದು ಅದರ ಗುಣ ಹೇಳುವುದು, ಇದು ಅವರಿಬ್ಬರ ಸಂಸಾರದ ಮಾತುಕತೆ. ನಾನು ಒಂದೆರಡು ಸಲ ಎದುರಿಗಿದ್ದೆ. ಬೇರೆಯವರ ಮನೆಯಲ್ಲಿ ಗಂಡಹೆಂಡಿರು ಸಾರಿಗೆ ಉಪ್ಪು ಜಾಸ್ತಿಯಾದುದನ್ನು ಮಾತಾಡುವಷ್ಟೇ ಸಹಜವಾಗಿ ಅವರು ಅದನ್ನು ಮಾತಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಕೆ ನಿವೃತ್ತಿಯಾದ ಮರುವರ್ಷ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋಯಿತು. ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಸ್ಪಷ್ಟವಾಗಿ, ಎಕ್ಸ್‌ಚೇಂಜಿನಲ್ಲಿ ಕೂತಾಗಿನ ಅದೇ ದನಿಯಲ್ಲಿ, ಮೂರು ಮೂರಾಗಿ ಬಿಡಿಸಿ ಹೇಳಿದರು: "ಸೆವೆನ್ ನೈನ್ ವನ್. ಏಟ್ ಟೂ ಏಟ್. ಸೆವೆನ್ ಟೂ ನೈನ್."

ಅಷ್ಟೇ. ಆಮೇಲೆ ಆಕೆ ಹೇಳಿದ್ದೆಲ್ಲ ಅದನ್ನೇ. ಹಸಿವಾದರೂ ಅದೇ, ನೋವಾದರೂ ಅದೇ, ಗಂಡ ತಲೆ ಬಾಚಿದರೂ ಅದೇ.

ಮೇಷ್ಟ್ರು ಮೊದಲು ಅದು ಯಾವುದರ ನಂಬರು ಎಂದು ಹುಡುಕಿದರು. ಇನ್ಶೂರೆನ್ಸು, ಪೆನ್ಷನ್ನು, ರೇಷನ್ ಕಾರ್ಡು, ಗ್ಯಾಸು, ಬೀರುವಿನಲ್ಲಿದ್ದ ಚೀಟಿಚಪಾಟಿಯನ್ನೆಲ್ಲ ಹಾಲಿನಲ್ಲಿ ಹರಡಿಕೊಂಡು ಕೂತರು. ಯಾವುದೂ ಹೊಂದಲಿಲ್ಲ. ಡಾಕ್ಟರು ಹೇಳಿದರು: "ಅದಕ್ಕೆ ಅರ್ಥ ಇಲ್ಲ. ಕೆಟ್ಟುಹೋದ ಗ್ರಾಮಫೋನ್ ತಟ್ಟೆ ಒಂದೇ ಕಡೆ ಸುತ್ತುತ್ತಲ್ಲ, ಹಾಗೆ. ಒಳಗೆ ಏನೂ ಉಳಿದಿಲ್ಲ." ಆಕೆಯ ತಮ್ಮ ಒಳ್ಳೆಯ ಮನುಷ್ಯ. ಮಂಡಕಳ್ಳಿಯ ಹತ್ತಿರ ಇಂಥವರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ತಾನೇ ಎಲ್ಲ ಮಾತಾಡಿದ್ದೇನೆ ಎಂದ. "ಭಾವ, ನಿಮಗೂ ಹಾರ್ಟು ಸರಿ ಇಲ್ಲ. ಅಕ್ಕನ್ನ ಎತ್ತಿ ಇಳಿಸಿ ಮಾಡ್ತಾ ಇದ್ರೆ ನೀವು ಎಷ್ಟು ದಿನ ಇರ್ತೀರ?" ಎಂದ. ಅದೂ ನಿಜ. ಭಾರ ಎತ್ತಬಾರದು ಎಂದು ಇವರಿಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಆ ವಾರ ಮೇಷ್ಟ್ರು ಲೈಬ್ರರಿಗೆ ಬಂದು ನನ್ನ ಎದುರು ಕೂತರು.

"ಒಂದು ತೀರ್ಮಾನ ಮಾಡಿದೀನಿ ಮೇಡಂ. ಇಷ್ಟು ವರ್ಷ ಅವಳು ನಂಬರು ಹೇಳ್ತಿದ್ಲು, ನಾನು ಅದು ಯಾರು ಅಂತ ಹೇಳ್ತಿದ್ದೆ. ಈಗ್ಲೂ ಹೇಳ್ತಾ ಇದಾಳೆ. ನಾನು ಉತ್ತರ ಕೊಟ್ಟಿಲ್ಲ. ಈ ನಂಬರು ಅವಿಭಾಜ್ಯ ಅಂತಾದ್ರೆ, ಅಂದ್ರೆ ಯಾವುದರಿಂದಲೂ ಒಡೀಲಿಲ್ಲ ಅಂದ್ರೆ, ಅವಳು ಇಡಿಯಾಗಿ ಒಳಗಿದಾಳೆ ಅಂತ ತಿಳ್ಕೋತೀನಿ. ಮನೇಲೇ ಇಟ್ಕೋತೀನಿ. ಒಡೀತು ಅಂದ್ರೆ ಡಾಕ್ಟ್ರ ಮಾತೇ ಸರಿ, ಬರೀ ಸದ್ದು. ಮಂಡಕಳ್ಳಿಗೆ ಕಳಿಸ್ಬುಡ್ತೀನಿ."

"ಇದೇನು ಸಾರ್, ಹುಚ್ಚು" ಎಂದೆ. ನನಗೆ ಬಾಯಿ ಹಿಡಿತವಿಲ್ಲ.

"ಹುಚ್ಚೇ. ಆದ್ರೆ ಲೆಕ್ಕದ ಥರ ಮಾಡ್ತೀನಿ."

ಲೆಕ್ಕದ ವಿಧಾನ ಸುಲಭ, ನನಗೂ ಅರ್ಥವಾಗುವಂಥದು. ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಇದರ ವರ್ಗಮೂಲ ೨೮,೧೩೯ ಚಿಲ್ಲರೆ. ಅಲ್ಲಿಯವರೆಗೆ ಅಂಥ ಸಂಖ್ಯೆಗಳು ಮೂರು ಸಾವಿರಕ್ಕೂ ಮೇಲೆ. ಒಂದರಲ್ಲಾದರೂ ಶೇಷ ಸೊನ್ನೆ ಬಂದರೆ ಮುಗಿಯಿತು. ದಿನಕ್ಕೆ ಒಂದು ಭಾಗಾಕಾರ ಮಾಡುತ್ತೇನೆ ಎಂದರು.

"ಹತ್ತು ಹತ್ತು ಮಾಡಿದ್ರೆ ಒಂದು ವರ್ಷದಲ್ಲಿ ಮುಗಿಯುತ್ತಲ್ಲ?"

"ಮುಗಿಯುತ್ತೆ. ಮುಗಿದ್ಮೇಲೆ ಬೆಳಿಗ್ಗೆ ಎದ್ದು ಏನ್ ಮಾಡ್ಲಿ?"

"ಕಂಪ್ಯೂಟರ್ ಲ್ಯಾಬಿನಲ್ಲಿ ಕೊಟ್ರೆ ಒಂದು ನಿಮಿಷ ಸಾರ್."

"ಅವಳ ವಿಷಯ ಒಂದು ನಿಮಿಷದಲ್ಲಿ ತೀರ್ಮಾನ ಆಗ್ಬಾರ್ದು ಮೇಡಂ."

ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಇದ್ದ ಒಂದು ಹಳೆಯ ಪುಸ್ತಕ ನಮ್ಮಲ್ಲಿತ್ತು. ಅದನ್ನು ಮನೆಗೆ ಕೊಡುವ ನಿಯಮವಿರಲಿಲ್ಲ. ಜೆರಾಕ್ಸ್ ಗಾಜಿನ ಮೇಲೆ ಬೋರಲು ಹಾಕಿದರೆ ಹಾಳೆ ಪುಡಿಯಾಗುವಂತಿತ್ತು. ಇಂಟರ್‌ನೆಟ್ಟಿನ ಪಟ್ಟಿ ಅವರಿಗೆ ಬೇಡ, "ಯಾರು ಹಾಕಿದ್ದೋ ಏನೋ" ಎಂದರು. ನಾನೇ ಬರೆದುಕೊಡುತ್ತೇನೆ ಎಂದೆ. ಹುಡುಗರು ಲೈಬ್ರರಿಗೆ ಬರುವುದು ನಿಂತು ವರ್ಷಗಳಾಗಿದ್ದವು, ಮಧ್ಯಾಹ್ನಗಳು ನನಗೆ ಖಾಲಿ. ಉದ್ದ ಹಾಳೆಯಲ್ಲಿ ಗೆರೆ ಹಾಕಿ, ಹಾಳೆಗೆ ಐವತ್ತು ಸಂಖ್ಯೆ, ಕೆಳಗೆ ಕಾರ್ಬನ್ ಇಟ್ಟು ಬರೆದೆ. ಕಾರ್ಬನ್ ಪ್ರತಿ ಇಡದೆ ನಾನು ಏನನ್ನೂ ಬರೆದವಳಲ್ಲ. ಮೊದಲ ಕಂತು ಕೊಟ್ಟಾಗ ಅವರು ಎರಡು ಕೈಯಲ್ಲಿ ತೆಗೆದುಕೊಂಡು, "ನಿಮ್ಮ ಕೈಬರಹದಲ್ಲಿ ತಪ್ಪು ಹುಡುಕಿದ್ರೆ ಪಾಪ ಬರುತ್ತೆ" ಎಂದರು.

ಅವರ ಮನೆ ಬೋಗಾದಿಯಲ್ಲಿ. ಕಟ್ಟಿಸಿದಾಗ ಎದುರಿಗೆ ಹುರುಳಿ ಹೊಲವಿತ್ತಂತೆ. ಈಗ ಎದುರಿಗೂ ಪಕ್ಕಕ್ಕೂ ಹುಡುಗರ ಪೀಜಿ ಕಟ್ಟಡಗಳು, ದಿನವಿಡೀ ಟೈಲ್ಸ್ ಕೊಯ್ಯುವ ಸದ್ದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು, ಅದರ ಬೆನ್ನಿನ ಮೇಲೆ ಆ ದಿನದ ಭಾಗಾಕಾರ ಮಾಡುತ್ತಿದ್ದರು. ಗುಣಿಸಿ ತಾಳೆ ನೋಡಿ, ಶೇಷವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ, ಹಾಳೆಯನ್ನು ತಂತಿಗೆ ಚುಚ್ಚುತ್ತಿದ್ದರು. ಹಗಲು ಕೆಲಸಕ್ಕೆ ಬರುತ್ತಿದ್ದ ರತ್ನಮ್ಮ ನನಗೆ ಹೇಳಿದ್ದು: "ಅಮ್ಮೋರು ಅದೇ ಮಂತ್ರ ಯೋಳ್ತಾರೆ, ಸಾರು ಅದಕ್ಕೇ ಪೂಜೆ ಮಾಡ್ತಾರೆ. ಇಬ್ಬರದೂ ಒಂದೇ ದ್ಯಾವ್ರು ಬುಡಿ."

ಶುರುವಿನಲ್ಲಿ ಅವರಿಗೆ ಎಷ್ಟು ಉತ್ಸಾಹವಿತ್ತೆಂದರೆ ಭಾಗಾಕಾರದ ಜೊತೆಗೆ ಬೇರೆ ಗುಣಗಳನ್ನೂ ನೋಡುತ್ತಿದ್ದರು. ಅಂಕಿಗಳನ್ನು ಕೂಡಿದರೆ ಐವತ್ತಮೂರು, ಅದೂ ಅವಿಭಾಜ್ಯ. ನಡುವಿನ ಮೂರು ಅಂಕಿ ಹಿಂದುಮುಂದು ಓದಿದರೂ ಒಂದೇ. ಕೊನೆಯ ಏಳುನೂರ ಇಪ್ಪತ್ತೊಂಬತ್ತು ಒಂಬತ್ತರ ಘನ. ಒಂದು ದಿನ ನಾನು ಹೋದಾಗ ಹೆಂಡತಿಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಸ್ಲೇಟು ತೋರಿಸುತ್ತಿದ್ದರು. ಪ್ರತಿ ಅಂಕಿಯ ವರ್ಗ ತೆಗೆದು ಕೂಡಬೇಕು, ಬಂದ ಸಂಖ್ಯೆಗೂ ಹಾಗೇ ಮಾಡಬೇಕು. ಮುನ್ನೂರ ತೊಂಬತ್ತೇಳು, ನೂರ ಮೂವತ್ತೊಂಬತ್ತು, ತೊಂಬತ್ತೊಂದು, ಎಂಬತ್ತೆರಡು, ಅರವತ್ತೆಂಟು, ನೂರು, ಕೊನೆಗೆ ಒಂದು. "ಒಂದಕ್ಕೆ ಬಂದು ನಿಂತ್ರೆ ಅದನ್ನ ಹ್ಯಾಪಿ ನಂಬರ್ ಅಂತಾರೆ ಕಣೇ. ನೀನು ಹೇಳ್ತಿರೋದು ಸಂತೋಷದ ಸಂಖ್ಯೆ" ಎಂದು ಹೇಳಿ ಆಕೆಯ ಬಾಯಿಯ ಪಕ್ಕದ ಜೊಲ್ಲು ಒರೆಸಿದರು. ಆಕೆ ಸೂರು ನೋಡುತ್ತ ಒಂಬತ್ತು ಅಂಕಿ ಹೇಳಿದರು. ನಾನು ಅಡುಗೆಮನೆಗೆ ಹೋಗಿ ರತ್ನಮ್ಮನ ಹತ್ತಿರ ಒಂದು ಲೋಟ ನೀರು ಇಸಿದುಕೊಂಡು ಕುಡಿದೆ.

ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಅವರ ಬೀಳ್ಕೊಡುಗೆಯ ಮಧ್ಯಾಹ್ನ ನಾನು ಲೈಬ್ರರಿಯಲ್ಲಿ ಇಪ್ಪತ್ತನೆಯ ಹಾಳೆ ಬರೆಯುತ್ತ ಕೂತಿದ್ದೆ. ಕೊನೆಯ ಸಾಲಿಗೆ ಬಂದಿದ್ದೆ. ಅಟೆಂಡರು ಬಾಗಿಲಲ್ಲಿ ನಿಂತು "ಬನ್ನಿ ಮೇಡಂ, ಎಲ್ರೂ ಕಾಯ್ತಾವ್ರೆ, ಫೋಟೋ ತೆಗೀತಾರಂತೆ" ಎಂದ. ಪೆನ್ನಿಟ್ಟು ಎದ್ದೆ. ಹಾರ ಹಾಕಿದೆವು, ಮೈಸೂರು ಪಾಕು ತಿಂದೆವು, ಮೇಷ್ಟ್ರು ಎರಡೇ ಮಾತಾಡಿ ಕೂತರು. ವಾಪಸು ಬಂದು, ಹಾಳೆ ತುಂಬಿದೆ ಎಂದುಕೊಂಡು ಹೊಸ ಹಾಳೆ ತೆಗೆದು ಮುಂದಿನ ಸಂಖ್ಯೆಯಿಂದ ಶುರು ಮಾಡಿದೆ.

ಸಾವಿರನೆಯ ದಿನ ಅವರು ಸಿಹಿಯ ಡಬ್ಬಿ ಹಿಡಿದುಕೊಂಡು ಲೈಬ್ರರಿಗೆ ಬಂದರು. "ಸಾವಿರನೇ ಅವಿಭಾಜ್ಯ ಸಂಖ್ಯೆ ಮೇಡಂ. ಏಳು ಸಾವಿರದ ಒಂಬೈನೂರ ಇಪ್ಪತ್ತೇಳು. ಶೇಷ ಆರುನೂರ ತೊಂಬತ್ತೊಂಬತ್ತು. ಬಗ್ಗಲಿಲ್ಲ." ಮುಖ ಸೊರಗಿತ್ತು, ಆದರೆ ನಗುತ್ತಿದ್ದರು. ನಾನು ಎರಡು ತುಂಡು ತಿಂದೆ.

ವರ್ಷಗಳು ಹೋದವು. ನಾನೂ ನಿವೃತ್ತಳಾದೆ. ಅವರ ಉತ್ಸಾಹ ಸವೆದು ಬರೀ ಭಾಗಾಕಾರ ಉಳಿದಿತ್ತು. ಆಕೆಯಲ್ಲಿ ಏನೂ ಬದಲಾಗಲಿಲ್ಲ. ಭಾಮೈದ ಹಬ್ಬಕ್ಕೆ ಬಂದಾಗಲೆಲ್ಲ ಅದೇ ಮಾತೆತ್ತುತ್ತಿದ್ದ. ಇವರು ತಂತಿಯಲ್ಲಿದ್ದ ಹಾಳೆಗಳನ್ನು ತೋರಿಸಿ "ಇನ್ನೂ ಒಡೆದಿಲ್ಲ" ಎನ್ನುತ್ತಿದ್ದರು.

ಅವರು ಇಪ್ಪತ್ತಾರು ಸಾವಿರ ದಾಟಿದ್ದಾಗ, ಒಂದು ಮಧ್ಯಾಹ್ನ ಜಯಲಕ್ಷ್ಮಿಪುರಂನ ನನ್ನ ಮನೆಯಲ್ಲಿ ಹೊಸ ಫೋನು ಒತ್ತುತ್ತ ಕೂತಿದ್ದೆ. ಮಾಡಲು ಕೆಲಸವಿಲ್ಲದೆ, ಸಂಖ್ಯೆ ಒಡೆದು ತೋರಿಸುವ ಒಂದು ಇಂಟರ್‌ನೆಟ್ ಪುಟದಲ್ಲಿ ಆ ಒಂಬತ್ತು ಅಂಕಿ ಹಾಕಿದೆ. ಅವರಿಗೆ ಬೇಡವಾಗಿದ್ದುದನ್ನು ನಾನು ಯಾಕೆ ಮಾಡಿದೆನೋ. ಉತ್ತರ ನಾನು ಬೆರಳು ತೆಗೆಯುವಷ್ಟರಲ್ಲಿ ಬಂತು. ೭೯೧೯ ಗುಣಿಸು ೯೯೯೯೧.

ಏಳು ಸಾವಿರದ ಒಂಬೈನೂರ ಹತ್ತೊಂಬತ್ತನ್ನು ಅವರು ಎಂದೋ ದಾಟಿದ್ದರು. ಹೇಗೆ ತಪ್ಪಿತು? ಅವರು ಭಾಗಾಕಾರ ತಪ್ಪುವವರಲ್ಲ. ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಕಾರ್ಬನ್ ಪ್ರತಿಗಳನ್ನು ತೆಗೆದೆ. ಇಪ್ಪತ್ತನೆಯ ಹಾಳೆ ೭೯೦೭ಕ್ಕೆ ಮುಗಿದಿತ್ತು. ಇಪ್ಪತ್ತೊಂದನೆಯದು ೭೯೨೭ರಿಂದ ಶುರುವಾಗಿತ್ತು. ಇಪ್ಪತ್ತನೆಯ ಹಾಳೆಯನ್ನು ಬೆರಳಿಟ್ಟು ಎಣಿಸಿದೆ. ನಲವತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ನಲವತ್ತೊಂಬತ್ತೇ. ಕೊನೆಯ ಸಾಲಿನಲ್ಲಿ ಒಂದು ಸಂಖ್ಯೆಯ ಜಾಗ ಖಾಲಿ ಇತ್ತು. ಸಾವಿರನೆಯದು ಅದು. ನಾನು ಎದ್ದು ಫೋಟೋಗೆ ಹೋಗಿದ್ದೆ.

ಯಾವ ಕೈಬರಹದ ಮೇಲೆ ಅಷ್ಟು ಸೊಕ್ಕು ಮಾಡಿದ್ದೆನೋ ಅದೇ ಕೈ. ಅಂದು ನಾನು ಒಂದು ಸಂಖ್ಯೆ ಬರೆದಿದ್ದರೆ ಆ ಸಾವಿರನೆಯ ದಿನ ಶೇಷ ಸೊನ್ನೆ ಬರುತ್ತಿತ್ತು. ಆಕೆ ಮಂಡಕಳ್ಳಿಗೆ ಹೋಗುತ್ತಿದ್ದರು. ಇವರ ಎದೆಗೆ ಐದು ವರ್ಷದ ಎತ್ತಿಳಿಸುವಿಕೆ ತಪ್ಪುತ್ತಿತ್ತು.

ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು ಆಟೋ ಹಿಡಿದು ಬೋಗಾದಿಗೆ ಹೋದೆ. ಹೇಳಿಯೇ ತೀರುವುದೆಂದು ಹೋದೆ, ಇದು ನಿಜ. ರತ್ನಮ್ಮ ಬಾಗಿಲು ತೆಗೆದಳು. ಒಳಗೆ ಅವರು ಹೆಂಡತಿಯನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುತ್ತಿದ್ದರು. ಆಕೆಯ ಎಡಗೈಯನ್ನು ತಮ್ಮ ಕುತ್ತಿಗೆಗೆ ಹಾಕಿಕೊಂಡು, "ಒಂದು, ಎರಡು, ಮೂರು" ಎಂದು ಎತ್ತಿದರು. ಕೂರಿಸಿ, ಸೆರಗು ಸರಿಮಾಡಿ, ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತರು. ತುಟಿ ನೀಲಿಯಾಗಿತ್ತು.

"ನಾನೂ ಹಿ‌ಡ್ಕೋತೀನಿ ಅಂದ್ರೆ ಬುಡಕಿಲ್ಲ" ಎಂದಳು ರತ್ನಮ್ಮ ನನ್ನ ಕಿವಿಯ ಹತ್ತಿರ.

ಅವರು ಚೇತರಿಸಿಕೊಂಡು ಕೂತ ಮೇಲೆ ಕೇಳಿದೆ. "ಸಾರ್, ಅಕಸ್ಮಾತ್ ಒಡೆದುಹೋದ್ರೆ?"

"ಇನ್ನು ಏಳು ತಿಂಗಳು ಬಾಕಿ ಮೇಡಂ. ಈಗ ಒಡೆಯುತ್ತಾ?"

"ಒಡೆದ್ರೆ ಅಂತ ಕೇಳ್ದೆ."

ಅವರು ಹೆಂಡತಿಯ ಕಡೆ ನೋಡಿದರು. "ಅವತ್ತೇ ಭಾಮೈದನಿಗೆ ಫೋನ್ ಮಾಡ್ತೀನಿ. ಮಾತು ಮಾತೇ. ಅವಳನ್ನ ಕಳಿಸಿ ಬಂದು ಈ ಬಾಗ್ಲು ತೆಗೆದು ಒಳಗೆ ಬರ್ಬೇಕಲ್ಲ, ಅದೊಂದು ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ."

ಬ್ಯಾಗಿನ ಬಾಯಿ ತೆರೆದೇ ಇತ್ತು. ಜಿಪ್ಪು ಎಳೆದೆ. ಕಾಫಿ ಕುಡಿದು ಬಂದೆ. ದಯೆಯಿಂದ ಸುಮ್ಮನಾದೆನೋ, ನನ್ನ ತಪ್ಪು ಹೊರಗೆ ಬರುತ್ತದೆಂಬ ಹೆದರಿಕೆಯಿಂದಲೋ? ಎರಡೂ ಇತ್ತು. ಯಾವುದು ಎಷ್ಟು ಎಂದು ಕೇಳಿದರೆ ಹೆದರಿಕೆಯೇ ಹೆಚ್ಚು.

ಕೊನೆಯ ದಿನ ನನ್ನನ್ನು ಕರೆಸಿದ್ದರು. ಹೆಂಡತಿಗೆ ಹೊಸ ಸೀರೆ ಉಡಿಸಿ ಕಿಟಕಿಯ ಹತ್ತಿರ ಕೂರಿಸಿದ್ದರು. ೨೮,೧೨೩ ಕಡೆಯ ಅವಿಭಾಜ್ಯ ಸಂಖ್ಯೆ. ನನ್ನೆದುರಿಗೇ ಕ್ಯಾಲೆಂಡರ್ ಹಾಳೆಯ ಹಿಂದೆ ಭಾಗಿಸಿದರು. ಶೇಷ ಇಪ್ಪತ್ತೈದು ಸಾವಿರದ ಆರುನೂರ ಅರವತ್ತನಾಲ್ಕು. ತಾಳೆ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ಸ್ಟೂಲಿನ ಮೇಲೆ ಕೂತು ಆಕೆಯ ಕೈ ಹಿಡಿದು "ಒಡೀಲಿಲ್ಲ ಕಣೇ" ಎಂದರು. ಅಷ್ಟು ವರ್ಷ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ಅತ್ತರು. ರತ್ನಮ್ಮನೂ ಅತ್ತಳು. ಆಕೆ ಕಿಟಕಿಯಾಚೆ ನೋಡುತ್ತ ಒಂಬತ್ತು ಅಂಕಿ ಹೇಳಿದರು. ನಾನು ಒಂದು ಲೋಟ ಪಾಯಸ ಕುಡಿದೆ. ಗಂಟಲಲ್ಲಿ ಇಳಿಯಿತಲ್ಲ, ನನ್ನ ಜನ್ಮಕ್ಕಿಷ್ಟು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೂರು ದಿನ ಬಿಟ್ಟು ಹೋದರೆ ಮೇಜಿನ ಮೇಲೆ ಹೊಸ ಲೆಕ್ಕ. "ನಾಲ್ಕರಿಂದ ಭಾಗಿಸಿ ಮೇಡಂ, ಒಂದು ಉಳಿಯುತ್ತೆ. ಅಂಥ ಅವಿಭಾಜ್ಯ ಸಂಖ್ಯೆ ಯಾವತ್ತೂ ಎರಡು ವರ್ಗ ಸೇರಿ ಆಗಿರುತ್ತೆ. ಹದಿಮೂರು ಅಂದ್ರೆ ನಾಲ್ಕು, ಒಂಬತ್ತು. ಅದೂ ಒಂದೇ ಒಂದು ಜೋಡಿ. ಬೇರೆ ಜೋಡಿ ಇರಲ್ಲ. ಇದಕ್ಕೂ ಒಂದು ಜೋಡಿ ಇದೆ. ಹುಡುಕ್ತೀನಿ. ಒಂದು ಅವಳದು, ಒಂದು ನಂದು."

"ಎಷ್ಟು ನೋಡಬೇಕಾಗುತ್ತೆ ಸಾರ್?"

"ಒಂದರ ವರ್ಗದಿಂದ ಶುರು ಮಾಡಿದ್ರೆ, ಸಿಗದೇ ಹೋದ್ರೆ, ಹತ್ತೊಂಬತ್ತು ಸಾವಿರದ ಎಂಟುನೂರ ತೊಂಬತ್ತೇಳು."

"ದಿನಕ್ಕೆ ಒಂದೇ?"

"ದಿನಕ್ಕೆ ಒಂದೇ."

"ಐವತ್ನಾಲ್ಕು ವರ್ಷ ಆಗುತ್ತೆ."

"ನಾವೇನು ಎಲ್ಲಿಗಾದ್ರೂ ಹೋಗ್ಬೇಕಾ?" ಎಂದು ಹೆಂಡತಿಯ ಕಡೆ ನೋಡಿ ನಕ್ಕರು.

ಮನೆಗೆ ಬಂದು ಮತ್ತೆ ಫೋನಿನಲ್ಲಿ ನೋಡಿದೆ. ಒಡೆದ ಎರಡು ತುಂಡುಗಳನ್ನೂ ನಾಲ್ಕರಿಂದ ಭಾಗಿಸಿದರೆ ಮೂರು ಮೂರು ಉಳಿಯುತ್ತದೆ. ಅಂಥ ಎರಡು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳು ಗುಣಿಸಿ ಆದದ್ದು ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ. ಇಪ್ಪತ್ತೊಂದರ ಹಾಗೆ. ಅದು ಮೂರು, ಏಳು ಗುಣಿಸಿ ಆದದ್ದು. ಎರಡು ವರ್ಗ ಕೂಡಿ ಇಪ್ಪತ್ತೊಂದು ಮಾಡಿ ನೋಡಿ, ಆಗುವುದಿಲ್ಲ. ಇವರು ಹುಡುಕಲು ಹೊರಟ ಜೋಡಿ ಇಲ್ಲ. ಮೊದಲ ಸಲದ ತಪ್ಪು ಗೊತ್ತಿಲ್ಲದೆ ಆದದ್ದು. ಈ ಎರಡನೆಯದು ನಾನು ಕಣ್ಣು ಬಿಟ್ಟುಕೊಂಡು ಮಾಡಿದ್ದು. ಪ್ರತಿ ವಾರ ಹೋದೆ, ಪ್ರತಿ ವಾರ ಸುಮ್ಮನೆ ಬಂದೆ.

ಆರುನೂರ ಹನ್ನೊಂದನೆಯ ವರ್ಗದ ಮಾರನೆಯ ಬೆಳಿಗ್ಗೆ ರತ್ನಮ್ಮ ಫೋನ್ ಮಾಡಿದಳು. "ಬೇಗ ಬನ್ನಿ ಅವ್ವ. ಅಮ್ಮೋರ ಎತ್ತಕೆ ಓಗಿ ಕುಸುದ್ಬುಟ್ರು." ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರನ್ನು ಹಾಲಿನಲ್ಲಿ ಮಲಗಿಸಿದ್ದರು. ಮೇಜಿನ ಮೇಲೆ ಆ ದಿನಕ್ಕೆಂದು ಹರಿದ ಕ್ಯಾಲೆಂಡರ್ ಹಾಳೆ ಬೋರಲಾಗಿ ಖಾಲಿ ಬಿದ್ದಿತ್ತು. ಆಕೆ ಅರ್ಧ ಹಾಸಿಗೆಯಿಂದಾಚೆ ಜಾರಿ ಸಿಕ್ಕಿಹಾಕಿಕೊಂಡಿದ್ದಾಗಲೂ ಅದನ್ನೇ ಹೇಳುತ್ತಿದ್ದರಂತೆ.

ಭಾಮೈದ ಅಕ್ಕನನ್ನು ಮಂಡಕಳ್ಳಿಯ ಮನೆಗೆ ಸೇರಿಸಿದ. ಹತ್ತು ವರ್ಷದ ಹಿಂದೆ ಮಾತಾಡಿದ್ದ ಅದೇ ಮನೆ. ಕ್ಲೀನಾಗಿದೆ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ, ಇಬ್ಬರು ಸೇರಿ ಎತ್ತುತ್ತಾರೆ. ದೂರಲು ಏನೂ ಇಲ್ಲ. ಮೇಷ್ಟ್ರು ಇದ್ದಾಗಲೇ ಸೇರಿಸಿದ್ದರೆ ಅವರು ಇವತ್ತಿಗೂ ಬಸ್ಸು ಹತ್ತಿ ನೋಡಲು ಬರುತ್ತಿದ್ದರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಬರುವ ಯೋಚನೆ ಅದೊಂದೇ.

ಹೋದ ತಿಂಗಳು ಹೋಗಿದ್ದೆ. ಬ್ಯಾಗಿನಲ್ಲಿ ಇಪ್ಪತ್ತನೆಯ ಹಾಳೆ ಇತ್ತು. ಆಕೆಯನ್ನು ಕಿಟಕಿಯ ಹತ್ತಿರ ಕೂರಿಸಿದ್ದರು. ಏರ್‌ಪೋರ್ಟಿನ ಕಡೆಯಿಂದ ವಿಮಾನವೊಂದು ಎದ್ದು ಹೋಯಿತು. ಸದ್ದು ಅಡಗುವವರೆಗೆ ಕಾದು, ಕುರ್ಚಿ ಹತ್ತಿರ ಎಳೆದುಕೊಂಡು ಕೂತೆ. ಅವರಿಗೆ ಹೇಳದೇ ಹೋದದ್ದನ್ನು ಈಕೆಗಾದರೂ ಹೇಳಬೇಕಿತ್ತು.

"ಅಮ್ಮಾ, ನಿಮ್ಮ ಯಜಮಾನ್ರು ಹೇಳಿದ್ದು ತಪ್ಪು. ತಪ್ಪು ಅವರದಲ್ಲ, ನಂದು. ಅದು ಒಡೆಯುತ್ತೆ. ಏಳು ಸಾವಿರದ ಒಂಬೈನೂರ ಹತ್ತೊಂಬತ್ತರಿಂದ ಒಡೆಯುತ್ತೆ. ಪಟ್ಟಿಯಲ್ಲಿ ನಾನು ಬಿಟ್ಬಿಟ್ಟಿದ್ದೆ." ಆಕೆಗೆ ನಂಬರು ಇಂಗ್ಲಿಷಿನಲ್ಲೇ ಅಭ್ಯಾಸವಲ್ಲವೇ, ಅದಕ್ಕೆ ಬಿಡಿಸಿ ಹೇಳಿದೆ. "ಸೆವೆನ್. ನೈನ್. ವನ್. ನೈನ್."

ಆಕೆ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಹತ್ತು ವರ್ಷದಲ್ಲಿ ಹಾಗೆ ನೇರವಾಗಿ ನೋಡಿದ್ದು ನನಗೆ ನೆನಪಿಲ್ಲ. ತುಟಿ ಅಲುಗಿತು.

"ಸೆವೆನ್" ಎಂದರು. "ನೈನ್. ವನ್."

ನಾನು ಆಕೆಯ ಕೈ ಹಿಡಿದುಕೊಂಡೆ. ಇನ್ನೊಂದು ನೈನ್ ಬರುತ್ತದೇನೋ ಎಂದು ಕಾದೆ.

"ಏಟ್" ಎಂದರು. "ಟೂ ಏಟ್."